ಪಾರ್ಕಿನ್ಸನ್ ಇರುವವರ ವ್ಯಾಯಾಮಕ್ಕೆ ವರ್ಚುವಲ್ ಲೋಕ: ಟ್ರೆಡ್‌ಮಿಲ್ಲಾ, ಸೈಕಲ್ಲಾ, ಟಿವಿ ಆಟವಾ, ಹೆಡ್‌ಸೆಟ್ಟಾ?

ನಮ್ಮಪ್ಪನಿಗೆ ಪಾರ್ಕಿನ್ಸನ್, ಅಂದರೆ ಮೈಯ ಚಲನೆ ನಿಧಾನವಾಗಿ ಹೆಜ್ಜೆ ಹದ ತಪ್ಪುವ ನರರೋಗ. ಎರಡು ವರ್ಷದ ಹಿಂದೆ ಡಲ್ಲಾಸ್‌ನಿಂದ ಬಂದ ಅಣ್ಣ ಅಪ್ಪನಿಗೆ ಅಂತ ಒಂದು ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ತಂದ. ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಕಂಪ್ಯೂಟರ್ ಕಟ್ಟಿದ ಲೋಕ ಕಾಣುತ್ತೆ. "ಇದನ್ನ ಹಾಕ್ಕೊಂಡು ಆಟ ಆಡಿದ್ರೆ ಪಾರ್ಕಿನ್ಸನ್‌ಗೆ ತುಂಬಾ ಒಳ್ಳೇದಂತೆ" ಅಂದ. ಅಪ್ಪನಿಗೂ ಕುತೂಹಲ. ಹಾಲ್ ಮಧ್ಯೆ ನಿಂತು ಹಾಕಿಕೊಂಡರು. ಒಂದೆರಡು ನಿಮಿಷ ನಗುತ್ತಾ ಕೈ ಬೀಸಿದರು. ಆಮೇಲೆ ಎದುರಿನಿಂದ ಏನೋ ಹಾರಿ ಬಂತು ಅಂತ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು. ಪಾರ್ಕಿನ್ಸನ್ ಇರುವವರು ಹಿಂದಕ್ಕೆ ಹೆಜ್ಜೆ ಇಟ್ಟರೆ ಏನಾಗುತ್ತೆ ಅಂತ ಅವರ ಜೊತೆ ಬದುಕಿದವರಿಗೆ ಗೊತ್ತು. ಒಂದರ ಹಿಂದೆ ಒಂದು ಪುಟ್ಟ ಹೆಜ್ಜೆ, ತಡೆಯೋಕೇ ಆಗಲ್ಲ. ನಾನು ಹಿಂದೆ ಇದ್ದೆ, ಹಿಡಿದುಕೊಂಡೆ. ಇಲ್ಲದಿದ್ದರೆ ಟೀಪಾಯಿಯ ಮೂಲೆ ಅವರ ತಲೆಗೆ ಸಿಗುತ್ತಿತ್ತು.

ಈ ಕತೆ ಕೇಳಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಹಾಗಾದ್ರೆ ವಿಆರ್ ಅನ್ನೋದೆಲ್ಲ ಸುಳ್ಳಾ? ಅಲ್ಲ. ನಮ್ಮ ಮನೆಗೆ ಬಂದ ಪೆಟ್ಟಿಗೆ ನಮ್ಮಪ್ಪನಿಗೆ ಹೊಂದಲಿಲ್ಲ, ಅಷ್ಟೇ. ವರ್ಚುವಲ್ ಲೋಕ ಅಂದರೆ ಒಂದೇ ಸಾಮಾನಲ್ಲ. ಆಸ್ಪತ್ರೆಯ ದೊಡ್ಡ ಪರದೆ ಇದೆ, ಸೈಕಲ್ ಎದುರಿನ ಟಿವಿ ಇದೆ, ಮಕ್ಕಳ ವಿಡಿಯೋ ಗೇಮ್ ಇದೆ, ಕಣ್ಣಿಗೆ ಕಟ್ಟುವ ಹೆಡ್‌ಸೆಟ್ ಇದೆ. ಇವುಗಳ ನಡುವೆ ಇರುವ ವ್ಯತ್ಯಾಸ ಚಿಕ್ಕದಲ್ಲ.

ನಾನು ಡಾಕ್ಟರಲ್ಲ, ಫಿಸಿಯೋನೂ ಅಲ್ಲ. ಎಂಟು ವರ್ಷದಿಂದ ಅಪ್ಪನ ಮಾತ್ರೆ ಡಬ್ಬಿ ತುಂಬಿಸುತ್ತಾ ಬಂದವನು. ಆ ಕಣ್ಣಿನಿಂದಲೇ ಬರೆಯುತ್ತಿದ್ದೇನೆ.

ದುಡ್ಡು ಕೊಡೋ ಮುಂಚೆ ಕೇಳಿಕೊಳ್ಳಬೇಕಾದ್ದು

ಮೊದಲ ಪ್ರಶ್ನೆ: ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಬಿದ್ದಿದ್ದಾರೆ? ಒಂದೂ ಇಲ್ಲ ಅಂದರೆ ದಾರಿ ಅಗಲವಾಗಿದೆ. ಎರಡೋ ಮೂರೋ ಆಗಿದ್ದರೆ, ನಿಂತು ಮಾಡುವ ಯಾವುದೇ ಆಟವನ್ನು ಮನೆಯಲ್ಲಿ ಒಬ್ಬರೇ ಆಡುವ ಮಾತೇ ಬೇಡ. "ಬೀಳ್ತಾ ಇದ್ದರು, ಆದ್ರೆ ಹಿಡ್ಕೊಂಡೆ" ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ. ನಮ್ಮ ಮನೆಯಲ್ಲಿ ಅದನ್ನು ಬಹಳ ದಿನ ಲೆಕ್ಕ ಹಾಕಿರಲಿಲ್ಲ.

ಎರಡನೆಯದು, ಕಾಲು ಕಚ್ಚಿಕೊಳ್ಳುತ್ತಾ? ಅಂದರೆ ಹೊಸ್ತಿಲ ಹತ್ತಿರ, ಬಚ್ಚಲ ಬಾಗಿಲಲ್ಲಿ, ತಿರುಗುವಾಗ ಪಾದ ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾ? ಹಾಗಿದ್ದರೆ ಸೈಕಲ್ ತುಳಿಯೋದೊಂದೇ ಸಾಕಾಗಲ್ಲ. ಹೆಜ್ಜೆಯ ಅಭ್ಯಾಸ ಬೇರೆಯಾಗಿ ಬೇಕು.

ಮೂರನೆಯದು ಉಸಿರು. ಪಾರ್ಕಿನ್ಸನ್‌ಗೆ ವ್ಯಾಯಾಮ ಅಂದರೆ ಕೈಕಾಲು ಆಡಿಸೋದಷ್ಟೇ ಅಲ್ಲ, ಏದುಸಿರು ಬರಬೇಕು. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅದು ಸರಿಯಾದ ಮಟ್ಟ. ವಾಚಿನಲ್ಲಿ ಬರುವ ಎದೆಬಡಿತದ ಲೆಕ್ಕವನ್ನು ಪೂರ್ತಿ ನಂಬಬೇಡಿ. ಬಿಪಿ ಮಾತ್ರೆಗಳಲ್ಲಿ ಕೆಲವು ಎದೆಬಡಿತವನ್ನು ಕಟ್ಟಿಹಾಕುತ್ತವೆ, ಪಾರ್ಕಿನ್ಸನ್ ಕೂಡ ಒಮ್ಮೊಮ್ಮೆ ಹಾಗೆ ಮಾಡುತ್ತೆ. ಶುರು ಮಾಡೋ ಮುಂಚೆ ಹೃದಯದ ತಪಾಸಣೆ ಮಾಡಿಸಿಬಿಡಿ.

ನಾಲ್ಕನೆಯದು ಕೇಳೋಕೆ ಮುಜುಗರ, ಆದರೂ ಕೇಳಲೇಬೇಕು. ಮರೆವು ಇದೆಯಾ? ಇಲ್ಲದವರು ಕಂಡ ಹಾಗೆ ಆಗುತ್ತಾ? ಕೆಲವರಿಗೆ ಕಾಯಿಲೆಯಿಂದಲೋ ಮಾತ್ರೆಯಿಂದಲೋ ಮೂಲೆಯಲ್ಲಿ ಮಗು ನಿಂತ ಹಾಗೆ, ನೆಲದ ಮೇಲೆ ಹುಳ ಹರಿದ ಹಾಗೆ ಕಾಣುತ್ತೆ. ಅಂಥವರ ಕಣ್ಣಿಗೆ ಇನ್ನೊಂದು ಸುಳ್ಳು ಲೋಕ ಕಟ್ಟೋದು ಬೇಡ.

ಕೊನೆಯದಾಗಿ, ಪಕ್ಕದಲ್ಲಿ ಯಾರಿರ್ತಾರೆ? ವಾರಕ್ಕೆ ಮೂರು ದಿನ, ಆರು ತಿಂಗಳು ಇರ್ತಾರಾ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟರೆ ಅರ್ಧ ಆಯ್ಕೆ ಮುಗಿದ ಹಾಗೆ. ದುಡ್ಡಿನ ಪ್ರಶ್ನೆಯನ್ನು ಬೇಕಂತಲೇ ಆಮೇಲಕ್ಕೆ ಇಟ್ಟಿದ್ದೇನೆ. ಯಾಕಂದರೆ ದುಬಾರಿ ಸಾಮಾನೇ ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋದು ಈ ವಿಷಯದಲ್ಲಿ ನಿಜ ಅಲ್ಲ.

ಪರದೆ ಯಾತಕ್ಕೆ?

ನಾವು ನಡೆಯುವಾಗ ನಡಿಗೆಯ ಬಗ್ಗೆ ಯೋಚಿಸಲ್ಲ. ತರಕಾರಿ ಚೀಲ ಹಿಡಿದು, ಫೋನಲ್ಲಿ ಮಾತಾಡುತ್ತಾ, ಗುಂಡಿ ತಪ್ಪಿಸಿ ನಡೆಯುತ್ತೇವೆ. ಮಿದುಳಿನ ಒಳಗಿನ ಒಂದು ಭಾಗ ಅದನ್ನೆಲ್ಲ ತಾನೇ ನೋಡಿಕೊಳ್ಳುತ್ತೆ. ಪಾರ್ಕಿನ್ಸನ್‌ನಲ್ಲಿ ಡೋಪಮೀನ್ ಅನ್ನುವ ಮಿದುಳಿನ ರಾಸಾಯನಿಕ ಕಮ್ಮಿಯಾದಾಗ ಆ ಭಾಗ ಕೈಕೊಡುತ್ತೆ. ಆಗ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡಬೇಕು. ಯೋಚನೆ ಬೇರೆ ಕಡೆ ಹೋಯಿತೋ, ಹೆಜ್ಜೆ ಚಿಕ್ಕದಾಯಿತು.

ಆದರೆ ಹೊರಗಿನಿಂದ ಒಂದು ಗುರುತು ಸಿಕ್ಕರೆ ಕಾಲು ಏಳುತ್ತೆ. ನೆಲದ ಮೇಲೆ ಅಡ್ಡ ಗೆರೆ, ಕಿವಿಗೆ ತಾಳ, ಕಣ್ಣೆದುರು ಮೆಟ್ಟಿಲು, ಯಾವುದಾದರೂ ಸರಿ. ಸಮನೆಲದಲ್ಲಿ ಒದ್ದಾಡುವ ಅಪ್ಪ ಮಹಡಿ ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತಿದ್ದರು. ನೆಂಟರು "ನಾಟಕ ಮಾಡ್ತಾರೆ" ಅಂದುಕೊಂಡಿದ್ದೂ ಉಂಟು. ನಾಟಕ ಅಲ್ಲ. ಪ್ರತಿ ಮೆಟ್ಟಿಲೂ ಒಂದು ಗುರುತು.

ವರ್ಚುವಲ್ ಲೋಕ ಕೊಡೋದು ಇದನ್ನೇ. ಕಾಲಿಡೋಕೆ ಒಂದು ಗುರಿ, ಕೂಡಲೇ ಸರಿ ತಪ್ಪು ಹೇಳುವ ಪರದೆ, ಜೊತೆಗೆ ತಲೆಗೂ ಒಂಚೂರು ಕೆಲಸ. ಬೇಜಾರಾಗದ ಹಾಗೆ ಒಂದು ಕತೆಯೂ ಇರುತ್ತೆ. ಅದಕ್ಕಿಂತ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. 2016ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ಪರಿಶೀಲನೆಯೊಂದು ಬಂತು. ಅಲ್ಲಿಯವರೆಗಿನ 8 ಪ್ರಯೋಗಗಳನ್ನು, ಒಟ್ಟು 263 ಜನರನ್ನು ಒಟ್ಟಿಗೆ ನೋಡಿತು. ವಿಆರ್‌ನಿಂದ ಹೆಜ್ಜೆಯ ಉದ್ದ ಸ್ವಲ್ಪ ಜಾಸ್ತಿ ಆಗಬಹುದು, ಉಳಿದಂತೆ ನಡಿಗೆ, ಸಮತೋಲನ ಎಲ್ಲ ಮಾಮೂಲಿ ಫಿಸಿಯೋಥೆರಪಿಯಷ್ಟೇ ಅಂತ ಬಂತು. ಪುರಾವೆ ಗಟ್ಟಿ ಇಲ್ಲ ಅಂತಲೂ ಅವರೇ ಹೇಳಿದರು. ನನಗೆ ಇದು ನಿರಾಸೆಯ ಸುದ್ದಿ ಅನ್ನಿಸಲಿಲ್ಲ. ಫಿಸಿಯೋ ಬಾರದ ದಿನ ಅಷ್ಟೇ ಒಳ್ಳೆಯದು ಇನ್ನೊಂದಿದೆ ಅಂದರೆ ಕಮ್ಮಿನಾ?

ಟ್ರೆಡ್‌ಮಿಲ್, ಎದುರಿಗೆ ದೊಡ್ಡ ಪರದೆ

ಬೀಳುವ ಭಯ ಇರುವವರ ವಿಷಯದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬೋದು ಇದನ್ನು. ಇಸ್ರೇಲಿನ ಟೆಲ್ ಅವೀವ್‌ನ ಅನಾತ್ ಮಿರೆಲ್ಮನ್, ಜೆಫ್ರಿ ಹೌಸ್‌ಡಾರ್ಫ್ ಮತ್ತು ಅವರ ಜೊತೆಗಾರರು ಯುರೋಪಿನ ನಾಲ್ಕು ದೇಶಗಳನ್ನೂ ಸೇರಿಸಿಕೊಂಡು ಒಂದು ಪ್ರಯೋಗ ಮಾಡಿದರು. ವಿ-ಟೈಮ್ ಅಂತ ಹೆಸರು. ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 60ರಿಂದ 90 ವಯಸ್ಸಿನ 302 ಜನ. ಎಲ್ಲರೂ ಹಿಂದಿನ ಆರು ತಿಂಗಳಲ್ಲಿ ಕನಿಷ್ಠ ಎರಡು ಸಲ ಬಿದ್ದವರು. ಅವರಲ್ಲಿ ಪಾರ್ಕಿನ್ಸನ್ ಇದ್ದವರೂ ಬಹಳ ಮಂದಿ.

ಅರ್ಧ ಜನ ಬರೀ ಟ್ರೆಡ್‌ಮಿಲ್ ಮೇಲೆ ನಡೆದರು. ಇನ್ನರ್ಧ ಜನ ಅದೇ ಟ್ರೆಡ್‌ಮಿಲ್ ಮೇಲೆ ನಡೆಯುತ್ತಾ ಎದುರಿನ ಪರದೆಯಲ್ಲಿ ತಮ್ಮದೇ ಪಾದಗಳನ್ನು ನೋಡಿದರು. ಒಂದು ಕ್ಯಾಮೆರಾ ಪಾದಗಳ ಚಲನೆಯನ್ನು ಹಿಡಿದು ಪರದೆಗೆ ಕಳಿಸುತ್ತಿತ್ತು. ದಾರಿಯಲ್ಲಿ ಅಡ್ಡಿಗಳು, ಕವಲುಗಳು, ಗಮನ ಸೆಳೆಯುವ ಬೇರೆ ಬೇರೆ ಸಂಗತಿಗಳು. ಕಾಲೆತ್ತಿ ದಾಟಬೇಕು, ದಾರಿ ಆರಿಸಬೇಕು. ವಾರಕ್ಕೆ ಮೂರು ಸಲ, ಒಂದೊಂದು ಸಲ ಸುಮಾರು 45 ನಿಮಿಷ, ಆರು ವಾರ. ಆಮೇಲಿನ ಆರು ತಿಂಗಳಲ್ಲಿ ಪರದೆ ಇದ್ದವರ ಗುಂಪಿನಲ್ಲಿ ಬೀಳುವುದು ಸುಮಾರು ಅರ್ಧಕ್ಕೆ ಇಳಿಯಿತು. ಆರು ತಿಂಗಳಿಗೆ ಒಬ್ಬೊಬ್ಬರು ಸರಾಸರಿ 11.9 ಸಲ ಬೀಳುತ್ತಿದ್ದದ್ದು 6 ಆಯಿತು. ಬರೀ ಟ್ರೆಡ್‌ಮಿಲ್ ಗುಂಪಿನಲ್ಲಿ 10.7 ಇದ್ದದ್ದು 8.3ರ ಹತ್ತಿರ ನಿಂತಿತು. ಪಾರ್ಕಿನ್ಸನ್ ಇದ್ದವರಲ್ಲಿ ಲಾಭ ಎದ್ದು ಕಂಡಿತು.

ಗಮನಿಸಿ, ಇಲ್ಲಿ ಯಾರ ಕಣ್ಣಿಗೂ ಏನೂ ಕಟ್ಟಿರಲಿಲ್ಲ. ಪರದೆ ಎದುರಿಗಿತ್ತು, ಕೋಣೆ ಕಾಣುತ್ತಿತ್ತು. ಮೈಗೆ ಮೇಲಿನಿಂದ ಪಟ್ಟಿ ಕಟ್ಟಿದ್ದರು, ಎಡವಿದರೂ ನೆಲಕ್ಕೆ ಬೀಳುವ ಹಾಗಿರಲಿಲ್ಲ.

ಇದನ್ನು ಮನೆಯಲ್ಲಿ ಮಾಡಬಹುದಾ? ನನ್ನ ಉತ್ತರ ಬೇಡ ಅಂತ. ಮನೆಯ ಟ್ರೆಡ್‌ಮಿಲ್‌ಗೆ ಆ ಪಟ್ಟಿ ಇರಲ್ಲ. ಕಾಲು ಕಚ್ಚಿಕೊಂಡಾಗ ಬೆಲ್ಟ್ ಮಾತ್ರ ಓಡುತ್ತಲೇ ಇರುತ್ತೆ. ನಮ್ಮ ಕಡೆ ಕರೆಂಟ್ ಹೋಗಿ ಬೆಲ್ಟ್ ಗಕ್ಕನೆ ನಿಂತರೆ ಅದು ಬೇರೆ ಕಷ್ಟ. ದೊಡ್ಡ ಪುನರ್ವಸತಿ ಕೇಂದ್ರಗಳಲ್ಲಿ ವಿಚಾರಿಸಿ. ಬೆಂಗಳೂರಿನವರು ನಿಮ್ಹಾನ್ಸ್‌ನ ನರರೋಗ ಪುನರ್ವಸತಿ ವಿಭಾಗದಿಂದ ಶುರು ಮಾಡಬಹುದು. ಕೇಳುವಾಗ "ವಿಆರ್ ಇದೆಯಾ" ಅಂತ ಕೇಳಬೇಡಿ. "ಮೈಗೆ ಪಟ್ಟಿ ಕಟ್ಟಿ ನಡೆಸೋ ಟ್ರೆಡ್‌ಮಿಲ್ ಇದೆಯಾ, ನಡೆಯುವಾಗ ಇನ್ನೊಂದು ಕೆಲಸ ಕೊಡ್ತೀರಾ, ಪಕ್ಕದಲ್ಲಿ ಯಾರು ನಿಲ್ತಾರೆ" ಅಂತ ಕೇಳಿ. ನಾವು ಒಂದು ಕಡೆ ವಿಆರ್ ಥೆರಪಿ ಅನ್ನುವ ಬೋರ್ಡ್ ನೋಡಿ ಹೋದೆವು. ಅಲ್ಲಿ ಅಪ್ಪನ ಕಣ್ಣಿಗೆ ಹೆಡ್‌ಸೆಟ್ ಕಟ್ಟಿದ ಹುಡುಗ ಫೋನ್ ಬಂತು ಅಂತ ಆಚೆ ಹೋದ. ಅವತ್ತೇ ಕೊನೆ.

ಆರು ವಾರ ಮೂರು ಮೂರು ಸಲ ಅಂದರೆ 18 ಸಲ ಹೋಗಿ ಬರಬೇಕು. ದೂರದ ಊರಿನವರಿಗೆ ಆಟೋ, ಬಸ್ಸಿನ ಖರ್ಚು, ಜೊತೆಗೆ ಬರುವವರ ರಜೆ ಎಲ್ಲ ಸೇರಿಸಿ ಲೆಕ್ಕ ಹಾಕಿ. ಎರಡು ಸಲಕ್ಕಿಂತ ಹೆಚ್ಚು ಬಿದ್ದವರಿಗೆ ಈ ಖರ್ಚು ದಂಡ ಅಲ್ಲ ಅನ್ನೋದು ನನ್ನ ಅನಿಸಿಕೆ. ಒಂದು ಸೊಂಟದ ಮೂಳೆ ಮುರಿದರೆ ಆಗುವ ಖರ್ಚು ಎಲ್ಲರಿಗೂ ಗೊತ್ತು.

ಸೈಕಲ್, ಎದುರಿಗೆ ಟಿವಿ

ಹೆಚ್ಚಿನ ಮನೆಗಳಿಗೆ ಹೊಂದೋದು ಇದು. ನಮ್ಮ ಮನೆಯಲ್ಲಿ ಕೊನೆಗೆ ನಿಂತದ್ದೂ ಇದೇ.

ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಬಾಸ್ ಬ್ಲೂಮ್ ತಂಡ 130 ಜನರ ಮೇಲೆ ಮಾಡಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಪಾರ್ಕ್-ಇನ್-ಶೇಪ್ ಅಂತ ಹೆಸರು. ಅರ್ಧ ಜನರ ಮನೆಗೆ ನಿಂತಲ್ಲೇ ತುಳಿಯುವ ಸೈಕಲ್ ಕೊಟ್ಟರು, ಎದುರಿಗೆ ಆಟದ ಪರದೆ. ತುಳಿದಷ್ಟೂ ದಾರಿ ಮುಂದೆ ಹೋಗುತ್ತೆ. ನಿಜವಾದ ರಸ್ತೆಗಳ ವಿಡಿಯೋಗಳೂ ಇದ್ದವು. ಎದೆಬಡಿತ ನೋಡಿಕೊಂಡು ಆಟವೇ ಕಷ್ಟ ಸುಲಭ ಆಗುತ್ತಿತ್ತು. ವಾರಕ್ಕೆ ಮೂರು ಸಲ, 30ರಿಂದ 45 ನಿಮಿಷ, ಆರು ತಿಂಗಳು. ಇನ್ನರ್ಧ ಜನ ಮೈ ಎಳೆಯುವ (ಸ್ಟ್ರೆಚಿಂಗ್) ವ್ಯಾಯಾಮ ಮಾಡಿದರು. ಕೊನೆಗೆ ಮಾತ್ರೆಯ ಪ್ರಭಾವ ಇಲ್ಲದ ಹೊತ್ತಿನಲ್ಲಿ, ಕಾಯಿಲೆ ಚಲನೆಯನ್ನು ಎಷ್ಟು ಕೆಡಿಸಿದೆ ಅಂತ ಅಂಕ ಹಾಕಿ ಅಳೆದರು. ಸೈಕಲ್ ತುಳಿದವರು ಇದ್ದಲ್ಲೇ ಹೆಚ್ಚುಕಮ್ಮಿ ನಿಂತಿದ್ದರು. ಬರೀ ಮೈ ಎಳೆದವರು ಇನ್ನಷ್ಟು ಕೆಳಗೆ ಜಾರಿದ್ದರು. ಎರಡರ ನಡುವೆ 4.2 ಅಂಕದ ಅಂತರ.

ಇದರಲ್ಲಿ ಎರಡು ಮಾತು ಬಿಡಬಾರದು. ಅವರೆಲ್ಲ ಕಾಯಿಲೆಯ ಮೊದಲ ಹಂತದವರು. ಮತ್ತೆ, ಸೈಕಲ್ ಉಸಿರಿಗೆ ಒಳ್ಳೆಯದು, ಸಮತೋಲನ ಕಲಿಸಲ್ಲ. ಸೀಟಿನ ಮೇಲೆ ಕೂತವರಿಗೆ ಹೊಸ್ತಿಲು ದಾಟೋ ಅಭ್ಯಾಸ ಎಲ್ಲಿಂದ ಬರಬೇಕು?

ಖರೀದಿಯ ವಿಷಯ. ಬೆನ್ನಿಗೆ ಒರಗು ಇರುವ, ತಗ್ಗಿದ ಸೀಟಿನ ಸೈಕಲ್ ತಗೊಳ್ಳಿ. ನೆಟ್ಟಗೆ ಕೂರುವ ಸೈಕಲ್ ಅಗ್ಗ, ಹತ್ತು ಸಾವಿರದ ಆಸುಪಾಸಿಗೂ ಸಿಗುತ್ತೆ. ಆದರೆ ಹತ್ತಿ ಇಳಿಯುವಾಗ ಕಾಲು ಎತ್ತಿ ಆಚೆ ಹಾಕಬೇಕು, ಬೀಳೋದು ಆಗಲೇ. ಒರಗಿನ ಸೈಕಲ್‌ಗೆ ಅದರ ಎರಡರಷ್ಟು ಆಗಬಹುದು. ಇಲ್ಲಿ ಮಾತ್ರ ಜಾಸ್ತಿ ಕೊಡಿ. ಪೆಡಲ್‌ಗೆ ಪಟ್ಟಿ ಇರಲಿ, ಜಾರುವ ಚಪ್ಪಲಿ ಬೇಡ. ಪಂಚೆ, ಸೀರೆ ಸಿಕ್ಕಿಹಾಕಿಕೊಳ್ಳದ ಹಾಗೆ ನೋಡಿ. ನಮ್ಮಪ್ಪ ಪ್ಯಾಂಟ್ ಹಾಕೋಕೆ ಒಪ್ಪಲು ಎರಡು ವಾರ ತಗೊಂಡರು.

ಪರದೆಗೆ ದುಡ್ಡು ಹಾಕಬೇಕಾಗಿಲ್ಲ. ಜ್ವಿಫ್ಟ್ ಥರದ ಸೈಕಲ್ ಲೋಕಗಳು ಇವೆ, ತಿಂಗಳ ಚಂದಾ, ಸೆನ್ಸರ್ ಎಲ್ಲ ಬೇಕು. ಮೊದಲಿಂದಲೂ ಸೈಕಲ್ ಹುಚ್ಚು ಇರುವ ಐವತ್ತರ ಆಸುಪಾಸಿನವರಿಗೆ ಅದು ಚೆನ್ನಾಗಿಯೇ ಇರುತ್ತೆ. ನಾವು ಮಾಡಿದ್ದು ಬೇರೆ. ಅಣ್ಣನ ಮಗ ರಜೆಗೆ ಬಂದಾಗ ಊರಿನ ಬಸ್ ಸ್ಟ್ಯಾಂಡಿನಿಂದ ಅಪ್ಪ ಓದಿದ ಹೈಸ್ಕೂಲಿನ ತನಕ, ಅಲ್ಲಿಂದ ಕೆರೆ ಏರಿಯ ಮೇಲೆ ತೋಟದ ತನಕ ಸ್ಕೂಟರ್ ಹಿಂದೆ ಕೂತು ನಿಧಾನಕ್ಕೆ ವಿಡಿಯೋ ತೆಗೆದ. 32 ನಿಮಿಷ. ಅದನ್ನು ಟಿವಿಗೆ ಹಾಕಿದೆವು. ಆ ಪರದೆಗೆ ಅಪ್ಪನ ಕಾಲು ತಿಳಿಯಲ್ಲ, ನಿಜ. ಆದರೆ ಅವರು ಆ ರಸ್ತೆಗೆ ತಕ್ಕ ಹಾಗೆ ತುಳಿಯುತ್ತಾರೆ. ಏರಿ ಬಂದಾಗ ತಾವೇ ಗುಂಡಿ ತಿರುಗಿಸಿ ಬಿಗಿ ಮಾಡಿಕೊಳ್ಳುತ್ತಾರೆ.

ಟಿವಿ ಮುಂದೆ ನಿಂತು ಆಡುವ ಆಟಗಳು

ನಿಂಟೆಂಡೊ ಕಂಪನಿಯ ವೀ ಅನ್ನುವ ವಿಡಿಯೋ ಗೇಮ್ ಯಂತ್ರ 2006ರಲ್ಲಿ ಬಂತು. ಅದರ ಬ್ಯಾಲೆನ್ಸ್ ಬೋರ್ಡ್, ಅಂದರೆ ಮೇಲೆ ನಿಂತು ಮೈ ವಾಲಿಸಿ ಆಡುವ ಹಲಗೆ, ಮುಂದಿನ ವರ್ಷ ಬಂತು. ಫಿಸಿಯೋಗಳು ಅದನ್ನು ಕೂಡಲೇ ಹಿಡಿದುಕೊಂಡರು. ಬ್ರೆಜಿಲ್‌ನಲ್ಲಿ 2012ರಲ್ಲಿ ಬಂದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ಪಾರ್ಕಿನ್ಸನ್ ಇದ್ದ 16 ಜನರಿಗೆ ಹತ್ತು ಆಟ ಕಲಿಸಿದರು. ಏಳು ಆಟಗಳನ್ನು ಅವರು ಬೇರೆಯವರಂತೆಯೇ ಕಲಿತರು, ನೆನಪಿಟ್ಟುಕೊಂಡರು. ಮೂರು ಆಟ ಮಾತ್ರ ಎಷ್ಟು ಆಡಿದರೂ ಹತ್ತಲಿಲ್ಲ. ಅಂದರೆ ಪ್ರಶ್ನೆ "ಆಟ ಒಳ್ಳೆಯದಾ" ಅಂತ ಅಲ್ಲ, "ಯಾವ ಆಟ" ಅಂತ. ಒಮ್ಮೆಗೇ ಎರಡು ಮೂರು ವಿಷಯ ನೆನಪಿಟ್ಟು, ಥಟ್ಟನೆ ತೀರ್ಮಾನ ಮಾಡಬೇಕಾದ ಆಟ ಬಿಡಿ. ನಿಧಾನಕ್ಕೆ ಮೈಭಾರವನ್ನು ಎಡಕ್ಕೆ ಬಲಕ್ಕೆ ಸಾಗಿಸುವ ಆಟ, ಇದ್ದಲ್ಲೇ ಹೆಜ್ಜೆ ಹಾಕುವ ಆಟ ಆರಿಸಿ.

ಕೈಯಲ್ಲಿ ರಿಮೋಟ್ ಹಿಡಿದು ಆಡುವ ಆಟಗಳಲ್ಲಿ ಒಂದು ಮೋಸ ಇದೆ. ಮಣಿಕಟ್ಟು ಚೂರು ಕುಣಿಸಿದರೂ ಪರದೆಯಲ್ಲಿ ಟೆನಿಸ್ ಬ್ಯಾಟ್ ಬೀಸುತ್ತೆ. ಪಾರ್ಕಿನ್ಸನ್‌ನ ಮುಖ್ಯ ತೊಂದರೆಯೇ ಚಲನೆ ಚಿಕ್ಕದಾಗೋದು. ಚಿಕ್ಕ ಚಲನೆಗೆ ಚಪ್ಪಾಳೆ ಹೊಡೆಯುವ ಆಟ ತಪ್ಪನ್ನೇ ಕಲಿಸುತ್ತೆ. ಪೂರ್ತಿ ಮೈಯನ್ನು ಕ್ಯಾಮೆರಾದಲ್ಲಿ ನೋಡುವ ಕಿನೆಕ್ಟ್ ಈ ವಿಷಯದಲ್ಲಿ ಬಹಳ ಮೇಲು. ಆದರೆ ಮೈಕ್ರೋಸಾಫ್ಟ್ ಅದನ್ನು ತಯಾರಿಸೋದನ್ನು 2017ರಲ್ಲೇ ನಿಲ್ಲಿಸಿತು. ವೀ ಕೂಡ ಹಳೇ ಸಾಮಾನೇ. ಈಗ ಸಿಗೋದು ಸೆಕೆಂಡ್‌ಹ್ಯಾಂಡ್. ರಿಪೇರಿ ಮಾಡಿಕೊಳ್ಳಬಲ್ಲ ಹುಡುಗ ಮನೆಯಲ್ಲಿದ್ದರೆ ಮಾತ್ರ ಆ ದಾರಿ. ಹೊಸದರಲ್ಲಿ ನಿಂಟೆಂಡೊ ಸ್ವಿಚ್‌ನ ರಿಂಗ್ ಫಿಟ್ ಇದೆ, 2019ರದ್ದು. ಉಂಗುರ ಒತ್ತಿ, ತೊಡೆಗೆ ಪಟ್ಟಿ ಕಟ್ಟಿ, ಇದ್ದಲ್ಲೇ ಓಡಬೇಕು. ಶುರುವಿನ ಹಂತದವರಿಗೆ ಖುಷಿ ಕೊಡಬಹುದು. ಎಂಟು ಹತ್ತು ವರ್ಷ ಆದವರಿಗೆ ಅದರ ವೇಗ ಜಾಸ್ತಿ ಅಂತ ನನಗನ್ನಿಸುತ್ತೆ.

ಇನ್ನೊಂದು ಮಾತು. ವೀ ಫಿಟ್ ಆಟ ಆಡಿದವರ "ದೇಹದ ವಯಸ್ಸು" ಎಷ್ಟು ಅಂತ ಹೇಳುತ್ತೆ. ಪರಿಚಯದವರ ಮನೆಯಲ್ಲಿ 68ರ ಅಜ್ಜಿಗೆ ಅದು ತೀರಾ ಜಾಸ್ತಿ ವಯಸ್ಸು ತೋರಿಸಿಬಿಟ್ಟಿತು. ಅಜ್ಜಿ ಆ ಹಲಗೆಯನ್ನು ತುಳಸಿ ಕಟ್ಟೆ ಹತ್ತಿರ ಕುಂಡ ಇಡೋಕೆ ಬಳಸುತ್ತಿದ್ದಾರೆ.

ನಿಂತು ಆಡುವಾಗ ಗೋಡೆಯ ಮೂಲೆಗೆ ಬೆನ್ನು ಮಾಡಿ ನಿಲ್ಲಿಸಿ, ಎದುರಿಗೆ ಗಟ್ಟಿ ಕುರ್ಚಿಯ ಬೆನ್ನು ಇರಲಿ. ಆಗ ಹಿಂದೆ, ಮುಂದೆ ಎರಡೂ ಕಡೆ ಆಸರೆ.

ಹೆಡ್‌ಸೆಟ್

ಇದರ ಮೇಲೆ ನನಗೆ ಸಿಟ್ಟಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾರ್ಕಿನ್ಸನ್ ಇದ್ದ 11 ಜನ ಹೆಡ್‌ಸೆಟ್ ಹಾಕಿಕೊಂಡು ಟ್ರೆಡ್‌ಮಿಲ್ ಮೇಲೆ 20 ನಿಮಿಷ ನಡೆದರು. ತಲೆಸುತ್ತು, ವಾಕರಿಕೆ ಹೆಚ್ಚಲಿಲ್ಲ. ಹಾಗಾಗಿ "ವಯಸ್ಸಾದವರಿಗೆ ಆಗೋದೇ ಇಲ್ಲ" ಅನ್ನೋದು ತಪ್ಪು. ಆದರೆ ಅಲ್ಲಿ ನಡೆದದ್ದು ಸಂಶೋಧಕರ ಕಣ್ಣೆದುರು. ನಮ್ಮ ಹಾಲ್‌ನಲ್ಲಿ ಟೀಪಾಯಿ ಇದೆ, ಮ್ಯಾಟ್ ಇದೆ, ಕಾಲಿಗೆ ಅಡ್ಡ ಬರುವ ಬೆಕ್ಕಿದೆ.

ಪಾರ್ಕಿನ್ಸನ್ ಇರುವವರು ಸಮತೋಲನಕ್ಕೆ ಕಣ್ಣನ್ನು ಬೇರೆಯವರಿಗಿಂತ ಜಾಸ್ತಿ ನೆಚ್ಚಿರುತ್ತಾರೆ. ಹೆಡ್‌ಸೆಟ್ ಮೊದಲು ಕಿತ್ತುಕೊಳ್ಳೋದು ಅದನ್ನೇ. ಮೆಟಾ ಕ್ವೆಸ್ಟ್ 3 ಥರದವು ಹೊರಗಿನ ಕೋಣೆಯನ್ನೂ ತೋರಿಸುತ್ತವೆ, ಹಳೆಯವಕ್ಕಿಂತ ವಾಸಿ. ಆದರೂ ಸುಮಾರು ಅರ್ಧ ಕಿಲೋ ತೂಕ ಮುಖದ ಮೇಲೆ. ಮೊದಲೇ ಮುಂದಕ್ಕೆ ಬಾಗಿದ ಕತ್ತಿಗೆ ಅದು ಹಗುರ ಅಲ್ಲ. ಕನ್ನಡಕದ ಮೇಲೆ ಹಾಕೋದೂ ರಗಳೆ.

ಹಾಗಾದರೆ ಯಾರಿಗೆ? ಬೀಳದವರಿಗೆ, ಮರೆವಿಲ್ಲದವರಿಗೆ, ಇಲ್ಲದ್ದು ಕಾಣದವರಿಗೆ. ಅವರಿಗೂ ಗಟ್ಟಿ ಕೈಗಳಿರುವ ಕುರ್ಚಿಯಲ್ಲಿ ಕೂರಿಸಿಯೇ ಶುರು ಮಾಡಿ, ಐದೇ ನಿಮಿಷ. ಕೂತು ತೋಳನ್ನು ಅಗಲಕ್ಕೆ ಬೀಸುವ ಆಟ ಭುಜದ ಬಿಗಿತಕ್ಕೆ ಚೆನ್ನಾಗಿ ಕೆಲಸ ಮಾಡುತ್ತೆ. ಮಿದುಳಿಗೆ ಡಿಬಿಎಸ್ ಯಂತ್ರ (ಸಣ್ಣ ಕರೆಂಟಿನ ಮಿಡಿತ ಕೊಡುವ ಯಂತ್ರ) ಹಾಕಿಸಿಕೊಂಡವರು, ಪೇಸ್‌ಮೇಕರ್ ಇರುವವರು ಮೊದಲು ಡಾಕ್ಟರನ್ನು ಕೇಳಲೇಬೇಕು. ಹೆಡ್‌ಸೆಟ್, ಅದರ ಕೈಹಿಡಿಗಳಲ್ಲಿ ಅಯಸ್ಕಾಂತ, ರೇಡಿಯೋ ಅಲೆ ಇರಬಹುದು ಅಂತ ತಯಾರಕರೇ ಎಚ್ಚರಿಸುತ್ತಾರೆ. ದುಡ್ಡಿನ ಅಂದಾಜಿಗೆ, 2024ರಲ್ಲಿ ಕ್ವೆಸ್ಟ್ 3ಎಸ್ ಅಮೆರಿಕದಲ್ಲಿ 299 ಡಾಲರ್‌ಗೆ ಬಂತು. ಮನೆಗೆ ಬರುವ ಫಿಸಿಯೋಗೆ ನಾವು ಕೊಡುತ್ತಿದ್ದುದು ಒಂದು ಸಲಕ್ಕೆ 600 ರೂಪಾಯಿ. ಆ ಡಾಲರ್ ಇಲ್ಲಿ ಎಷ್ಟು ಸಲದ ಫಿಸಿಯೋ ಆಗುತ್ತೆ ಅಂತ ವಿದೇಶದಲ್ಲಿರುವ ಮಕ್ಕಳು ಒಮ್ಮೆ ಭಾಗಿಸಿ ನೋಡಲಿ.

ಕೂತು ನೋಡುವ ಲೋಕ

ಸೆಕೆಂಡ್ ಲೈಫ್ ಅಂತ 2003ರಿಂದ ಇರುವ ಒಂದು ವರ್ಚುವಲ್ ಲೋಕ ಇದೆ. ಕಂಪ್ಯೂಟರ್ ಪರದೆಯಲ್ಲಿ ನಮ್ಮದೇ ಒಂದು ಬೊಂಬೆ. ಅದು ನಡೆಯುತ್ತೆ, ಕುಣಿಯುತ್ತೆ, ತಾಯ್ ಚಿ (ನಿಧಾನ ಚಲನೆಯ ಚೀನೀ ವ್ಯಾಯಾಮ) ಮಾಡುತ್ತೆ. ಅಮೆರಿಕದಲ್ಲಿ ಪಾರ್ಕಿನ್ಸನ್ ಇರುವ ಕೆಲವರು ತಮ್ಮ ಬೊಂಬೆ ಸಲೀಸಾಗಿ ಚಲಿಸೋದನ್ನು ದಿನಾ ನೋಡಿದ ಮೇಲೆ ತಮ್ಮ ಮೈಯೂ ಸ್ವಲ್ಪ ಸಡಿಲವಾಯಿತು ಅಂದಿದ್ದಾರೆ. ಮಾನವಶಾಸ್ತ್ರಜ್ಞ ಟಾಮ್ ಬೆಲ್‌ಸ್ಟಾರ್ಫ್ ಮತ್ತು ಡೋನಾ ಡೇವಿಸ್ ಅಲ್ಲಿನ ಅಂಗವಿಕಲರ ಬದುಕನ್ನು ಅಧ್ಯಯನ ಮಾಡಿದ್ದಾರೆ. ಬೇರೆಯವರ ಚಲನೆಯನ್ನು ಗಮನವಿಟ್ಟು ನೋಡಿ ಆಮೇಲೆ ತಾವೂ ಮಾಡೋದು ಕಾಲು ಕಚ್ಚಿಕೊಳ್ಳೋದಕ್ಕೆ ಸಹಾಯ ಮಾಡಬಹುದು ಅನ್ನುವ ಸಂಶೋಧನೆಯೂ ಇದೆ. ಅದರಲ್ಲಿ "ಆಮೇಲೆ ತಾವೂ ಮಾಡೋದು" ಅನ್ನುವ ಭಾಗ ಮುಖ್ಯ. ಮನೆಯಿಂದ ಹೊರಗೆ ಹೋಗಲಾರದವರಿಗೆ ಸ್ನೇಹಿತರು ಸಿಗೋದು ದೊಡ್ಡ ಲಾಭವೇ. ಆದರೆ ವ್ಯಾಯಾಮದ ಲೆಕ್ಕಕ್ಕೆ ನಾನು ಅದನ್ನು ಸೇರಿಸಲ್ಲ.

ಇಲ್ಲೊಂದು ಎಚ್ಚರಿಕೆ, ಎಲ್ಲ ಆಟಗಳಿಗೂ ಸೇರಿಸಿ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಥರದ ಪಾರ್ಕಿನ್ಸನ್ ಮಾತ್ರೆ ತಗೊಳ್ಳುವ ಕೆಲವರಿಗೆ ಜೂಜು, ಖರೀದಿ, ಆಟದ ಚಟ ತಡೆಯಲಾಗದಷ್ಟು ಹತ್ತಿಕೊಳ್ಳುತ್ತೆ. ಅದು ಅವರ ಗುಣ ಅಲ್ಲ, ಮಾತ್ರೆಯ ಪರಿಣಾಮ. ದುಡ್ಡು ಖರ್ಚು ಮಾಡಿಸುವ ಆಟಗಳಿಗೆ ಕಾರ್ಡ್ ಜೋಡಿಸಬೇಡಿ. ರಾತ್ರಿಯೆಲ್ಲ ಆಡುತ್ತಿದ್ದರೆ ಬೈಯಬೇಡಿ, ಡಾಕ್ಟರಿಗೆ ಹೇಳಿ.

ಪರದೆಯೇ ಇಲ್ಲದ್ದು

ಹೋಲಿಸುವಾಗ ಇದನ್ನು ಬಿಟ್ಟರೆ ಅನ್ಯಾಯ. 2012ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ 195 ಜನರ ಮೇಲೆ ನಡೆದ ಪ್ರಯೋಗದಲ್ಲಿ ವಾರಕ್ಕೆ ಎರಡು ಸಲ, ಆರು ತಿಂಗಳು ತಾಯ್ ಚಿ ಮಾಡಿದವರು ಮೈ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಕಮ್ಮಿ ಬಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2001ರಲ್ಲಿ ಶುರುವಾದ, ಪಾರ್ಕಿನ್ಸನ್ ಇರುವವರಿಗಾಗಿ ನಡೆಸುವ ಡ್ಯಾನ್ಸ್ ಫಾರ್ ಪಿಡಿ ನೃತ್ಯ ತರಗತಿಗಳು ಈಗ ಬೇರೆ ಬೇರೆ ದೇಶಗಳಿಗೆ ಹಬ್ಬಿವೆ. ಅದೇ 2001ರಲ್ಲಿ ಮುಂಬೈಯಲ್ಲಿ ಶುರುವಾದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ರೋಗಿಗಳ ಬೆಂಬಲ ಗುಂಪುಗಳನ್ನು ನಡೆಸುತ್ತದೆ. ಗುಂಪಿನಲ್ಲಿ ಒಬ್ಬರು ಬಾರದಿದ್ದರೆ ಇನ್ನೊಬ್ಬರು ಫೋನ್ ಮಾಡಿ ಕೇಳುತ್ತಾರೆ. ಯಾವ ಹೆಡ್‌ಸೆಟ್ಟೂ ಹಾಗೆ ಕೇಳಲ್ಲ.

ಕಾಲು ಕಚ್ಚಿಕೊಳ್ಳೋದಕ್ಕೆ ಕಣ್ಣೆದುರು ಗೆರೆ ಮೂಡಿಸುವ ಕನ್ನಡಕಗಳು ಬಂದಿವೆ. ಬೆಲೆ ಕೇಳಿದರೆ ಕಾಲು ಇನ್ನೂ ಕಚ್ಚಿಕೊಳ್ಳುತ್ತೆ. ಮೊದಲು ನೂರು ರೂಪಾಯಿಯ ಬಣ್ಣದ ಟೇಪ್ ತನ್ನಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ, ಹೊಸ್ತಿಲ ಆಚೆ ಈಚೆ, ಒಂದು ಹೆಜ್ಜೆಗೆ ಒಂದರಂತೆ ಅಡ್ಡಡ್ಡ ಅಂಟಿಸಿ. ನೆಲ ಕೆಂಪಾದರೆ ಬಿಳಿ, ನೆಲ ಬಿಳಿಯಾದರೆ ಕಪ್ಪು. ನಮ್ಮ ಮನೆಯಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಇದೇ, ಮತ್ತು ಅಮ್ಮ ಅತಿ ಹೆಚ್ಚು ಜಗಳ ಆಡಿದ್ದೂ ಇದರ ಮೇಲೇ.

ಯಾರಿಗೆ ಯಾವುದು

ಈಚೆಗೆ ಕಾಯಿಲೆ ಗೊತ್ತಾಗಿದೆ, ಬೀಳಲ್ಲ, ಕೆಲಸಕ್ಕೂ ಹೋಗುತ್ತಾರೆ ಅಂದರೆ ಸೈಕಲ್ ಮತ್ತು ಪರದೆ. ಜೊತೆಗೆ ವಾರಕ್ಕೆರಡು ದಿನ ಯೋಗವೋ ನೃತ್ಯವೋ ತಾಯ್ ಚಿಯೋ. ಆಟದ ಹುಚ್ಚಿದ್ದರೆ ಸ್ವಿಚ್. ಹೆಡ್‌ಸೆಟ್ ಆಸೆ ಇದ್ದರೆ ಅದೂ ಪರವಾಗಿಲ್ಲ, ಬೇರೆಯವರದ್ದನ್ನು ಎರಡು ದಿನ ತಂದು ನೋಡಿ ಆಮೇಲೆ ಕೊಳ್ಳಿ.

ಒಂದೆರಡು ಸಲ ಬಿದ್ದಿದ್ದಾರೆ, ತಲೆ ಚುರುಕಾಗಿದೆ ಅಂದರೆ ಮನೆಯಲ್ಲಿ ಒರಗಿನ ಸೈಕಲ್, ಹೊರಗೆ ಪಟ್ಟಿ ಕಟ್ಟಿ ನಡೆಸುವ ಟ್ರೆಡ್‌ಮಿಲ್. ದುಡ್ಡು ಒಂದಕ್ಕೇ ಸಾಕಾದರೆ ಟ್ರೆಡ್‌ಮಿಲ್ ಕೇಂದ್ರಕ್ಕೆ ಆರು ವಾರ ಹೋಗಿ. ಸೈಕಲ್ ಆಮೇಲೆ ಸೆಕೆಂಡ್‌ಹ್ಯಾಂಡ್ ಸಿಗುತ್ತೆ. ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಗಿರುವ ಸೈಕಲ್ ಪ್ರತಿ ಬೀದಿಯಲ್ಲೂ ಒಂದಿದೆ.

ಪದೇ ಪದೇ ಬೀಳುತ್ತಾರೆ, ಮರೆವಿದೆ, ಇಲ್ಲದ್ದು ಕಾಣುತ್ತೆ ಅಂದರೆ ಪರದೆಯ ಗೊಡವೆ ಬೇಡ. ಟೇಪ್, ತಾಳ ಹಾಕುವ ಹಾಡು, ಕುರ್ಚಿಯಲ್ಲಿ ಕೂತು ಮಾಡುವ ವ್ಯಾಯಾಮ, ವಾರಕ್ಕೆ ಎರಡು ಸಲ ಫಿಸಿಯೋ.

ಯಾವುದೇ ಆರಿಸಿದರೂ ಹೊತ್ತು ಮುಖ್ಯ. ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲೇ ಮಾಡಿಸಿ. ನಮ್ಮಪ್ಪನಿಗೆ ಅದು ಬೆಳಗಿನ ಮಾತ್ರೆಯಾಗಿ ಒಂದು ಗಂಟೆಯ ನಂತರ. ಎದ್ದ ಕೂಡಲೇ ಬಿಪಿ ಇಳಿದು ತಲೆ ತಿರುಗುವವರು ಸೈಕಲ್‌ನಿಂದ ಇಳಿಯೋ ಮುಂಚೆ ಎರಡು ನಿಮಿಷ ಸುಮ್ನೆ ಕೂರಲಿ. ಸಾಮಾನು ಕೊಳ್ಳೋ ಮುಂಚೆ ಒಂದು ಪರೀಕ್ಷೆ ಮಾಡಿ. ಎರಡು ವಾರ, ವಾರಕ್ಕೆ ಮೂರು ದಿನ, ಅದೇ ಹೊತ್ತಿಗೆ ಪಕ್ಕದಲ್ಲಿ ಒಬ್ಬರು ನಿಂತು ಬರೀ ಕುರ್ಚಿ ವ್ಯಾಯಾಮ ಮಾಡಿಸಿ. ಆರು ದಿನದಲ್ಲಿ ಐದು ದಿನ ನಡೆದರೆ ಕೊಳ್ಳಿ. ಎರಡೇ ದಿನ ನಡೆದರೆ ಸೈಕಲ್ಲಿನ ದುಡ್ಡನ್ನು ಮನೆಗೆ ಬರುವ ಫಿಸಿಯೋಗೆ ಕೊಡಿ.

ಹೆಡ್‌ಸೆಟ್ ಈಗ ಅಣ್ಣನ ಮಗನ ಹತ್ತಿರ ಇದೆ. ಅಪ್ಪ ಬೆಳಿಗ್ಗೆ ಒಂಬತ್ತಕ್ಕೆ ಸೈಕಲ್ ಹತ್ತುತ್ತಾರೆ. ಹನ್ನೊಂದನೇ ನಿಮಿಷಕ್ಕೆ ಟಿವಿಯಲ್ಲಿ ಹೈಸ್ಕೂಲ್ ಬರುತ್ತೆ. ಮೊನ್ನೆ ಅಲ್ಲಿಗೆ ಬರುವಾಗ "ಈ ವಿಡಿಯೋ ಹಳೇದಾಯ್ತು ಕಣೋ, ಆ ಮೂಲೆ ಹೋಟೆಲ್ ಮುಚ್ಚಿದಾರಂತೆ, ಹೊಸದು ತೆಗೆಸು" ಅಂದರು. ಮಾತಾಡುತ್ತಿದ್ದರು, ಏದುಸಿರೂ ಇತ್ತು.